ಕೈ ಸಾಲದ ಕಡೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊರಗೆ ನಮ್ಮ ತುಳುನಾಡಿನ ಆಟಿ ತಿಂಗಳ ಮಳೆ ಸುರಿಯುತ್ತಿದೆ. ತಡ್ಪೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಾ ರೇಡಿಯೊ ಕೇಳುವ ಅಕ್ಕಂದಿರು, ಗಿರಾಕಿಯಿಲ್ಲದ ಅಂಗಡಿಯಲ್ಲಿ ಕುಳಿತ ಅಣ್ಣಂದಿರು, ಇವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತನಾಡುತ್ತೇನೆ. ವಿದ್ವಾಂಸರೂ ಕೇಳಬಹುದು, ಆದರೆ ನಡುವೆ ಬಾಯಿ ಹಾಕುವಂತಿಲ್ಲ. ರೇಡಿಯೊದ ದೊಡ್ಡ ಸುಖವೇ ಅದು.

ಇಂದಿನ ವಿಷಯ ಧರ್ಮದ ಹುಟ್ಟಿನಲ್ಲಿ ಭಯದ ಪಾತ್ರ. ಹೀಗೆಂದ ಕೂಡಲೇ ಒಂದು ಗುಂಪಿಗೆ ಸಿಟ್ಟು ಬರುತ್ತದೆ: ನಮ್ಮ ಭಕ್ತಿಯನ್ನು ಪುಕ್ಕಲುತನ ಎನ್ನುತ್ತಾನಲ್ಲ, ಎಂದು. ಇನ್ನೊಂದು ಗುಂಪಿಗೆ ಸಂತೋಷವಾಗುತ್ತದೆ: ನಾವು ಹೇಳಿರಲಿಲ್ಲವೇ, ಎಂದು. ಇಬ್ಬರೂ ಸ್ವಲ್ಪ ತಾಳ್ಮೆಯಿಂದ ಇರಬೇಕಾಗಿ ವಿನಂತಿ.

ಈ ಮಾತು ಹೊಸತಲ್ಲ. ಲೋಕದಲ್ಲಿ ಮೊತ್ತಮೊದಲು ದೇವರುಗಳನ್ನು ಮಾಡಿದ್ದು ಭಯ ಎಂಬ ಸಾಲು ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನ ಕಾವ್ಯದಲ್ಲಿಯೇ ಇದೆ. 1757ರಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಅದನ್ನು ವಿಸ್ತರಿಸಿ ಹೇಳಿದ: ಮೊದಲ ಮನುಷ್ಯರು ಸೂರ್ಯಚಂದ್ರರ ಚಲನೆಯ ಅಂದವನ್ನು ನೋಡಿ ದೇವರನ್ನು ಕಲ್ಪಿಸಿಕೊಂಡವರಲ್ಲ, ನಾಳೆಯ ಅನ್ನ, ಇಂದಿನ ಜ್ವರ, ಬರಲಿರುವ ಸಾವು ಇವುಗಳ ಆಸೆ ಮತ್ತು ಅಂಜಿಕೆಯಿಂದ ಕಲ್ಪಿಸಿಕೊಂಡರು. 1927ರಲ್ಲಿ ಇನ್ನೊಬ್ಬ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಲಂಡನ್ನಿನ ಭಾಷಣವೊಂದರಲ್ಲಿ ಧರ್ಮದ ಬುನಾದಿಯೇ ಭಯ ಎಂದು ಒಂದೇ ಏಟಿಗೆ ಹೇಳಿ ಮುಗಿಸಿದ. ಚಪ್ಪಾಳೆಯೂ ಬಿದ್ದಿರಬಹುದು.

ನನ್ನ ತಕರಾರು ಇಷ್ಟೇ. ಭಯ, ಭಯ ಎನ್ನುತ್ತಾರೆ, ಯಾವ ಭಯ ಎಂದು ಕೇಳುವುದಿಲ್ಲ. ಹುಚ್ಚುನಾಯಿ ಅಟ್ಟಿಸಿಕೊಂಡು ಬಂದರೆ ಯಾರೂ ಸಂಕಲ್ಪ ಮಾಡಿ ಪೂಜೆಗೆ ಕೂರುವುದಿಲ್ಲ, ಓಡುತ್ತಾರೆ. ಮನೆಗೆ ಬೆಂಕಿ ಬಿದ್ದರೆ ಮೊದಲು ಕೊಡಪಾನ ಹುಡುಕುತ್ತಾರೆ. ಅಲ್ಲಿ ಭಯ ಬೇಕಾದಷ್ಟಿದೆ, ದೇವರಿಗೆ ಪುರುಸೊತ್ತು ಇಲ್ಲ. ಏನಾದರೂ ಮಾಡಲಿಕ್ಕೆ ಸಾಧ್ಯವಿರುವ ಭಯ ಮನುಷ್ಯನನ್ನು ಕೆಲಸಕ್ಕೆ ಹಚ್ಚುತ್ತದೆ. ಮಾಡುವುದನ್ನೆಲ್ಲ ಮಾಡಿ ಮುಗಿಸಿದ ಮೇಲೂ ಉಳಿಯುವ ಭಯ ಒಂದಿದೆಯಲ್ಲ, ಅದು ಬೇರೆ ಜಾತಿಯದು. ಅದಕ್ಕೆ ಓಡಲು ದಾರಿಯಿಲ್ಲ, ಹೊಡೆಯಲು ಎದುರಾಳಿಯಿಲ್ಲ. ಕೈ ಸಾಲದ ಕಡೆ ಮನುಷ್ಯ ಕೈ ಮುಗಿಯುತ್ತಾನೆ. ಇದೊಂದು ಮಾತನ್ನು ನೀವು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದನ್ನು ಮಳೆಯ ಸದ್ದಿನಲ್ಲಿ ಕಳೆದುಕೊಂಡರೂ ಅಡ್ಡಿಯಿಲ್ಲ.

ಇದಕ್ಕೆ ಒಂದು ಸೊಗಸಾದ ಪುರಾವೆ ಇದೆ. ಹೇಳದೆ ಬಿಡಲಾರೆ.

ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಪೋಲೆಂಡಿನವನು, ಲಂಡನ್ನಿನಲ್ಲಿ ಓದುತ್ತಿದ್ದವನು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವನು ಆಸ್ಟ್ರೇಲಿಯಾದಲ್ಲಿದ್ದ. ಅವನ ಊರು ಆಗ ಆಸ್ಟ್ರಿಯದ ಚಕ್ರವರ್ತಿಯ ಆಳ್ವಿಕೆಯಲ್ಲಿ ಇದ್ದುದರಿಂದ ಬ್ರಿಟಿಷರ ಲೆಕ್ಕದಲ್ಲಿ ಅವನು ಶತ್ರುದೇಶದ ಪ್ರಜೆ. ಆದರೂ ಅವನನ್ನು ಸೆರೆಯಲ್ಲಿಡದೆ ಸಂಶೋಧನೆಗೆ ಬಿಟ್ಟರು. ಹಾಗೆ ಅವನು ನ್ಯೂಗಿನಿಯ ಪಕ್ಕದ ಟ್ರೋಬ್ರಿಯಂಡ್ ದ್ವೀಪಗಳಿಗೆ ಹೋದ. 1915ರಿಂದ 1918ರ ನಡುವೆ ಎರಡು ಬಾರಿ ಅಲ್ಲಿದ್ದ. ಬಿಳಿಯರ ಬಂಗಲೆಯಲ್ಲಿ ಆರಾಮ ಕುರ್ಚಿಯಲ್ಲಿ ಕುಳಿತು ವರದಿ ಬರೆಯುವುದು ಆ ಕಾಲದ ರೂಢಿ. ಇವನು ಹಳ್ಳಿಯ ನಡುವೆಯೇ ಡೇರೆ ಹಾಕಿ, ಅವರ ಭಾಷೆ ಕಲಿತು, ಅವರ ಜಗಳಗಳನ್ನೂ ಮೀನನ್ನೂ ಹತ್ತಿರದಿಂದ ನೋಡಿದ.

ಆ ದ್ವೀಪದವರಿಗೆ ಮೀನು ಹಿಡಿಯಲು ಎರಡು ಜಾಗ. ಒಂದು, ಹವಳದ ದಿಬ್ಬದ ಒಳಗಿರುವ ಶಾಂತವಾದ ಹಿನ್ನೀರು. ಒಂದು ಬಗೆಯ ಬೇರನ್ನು ಜಜ್ಜಿ ನೀರಿಗೆ ಬಿಟ್ಟರೆ ಮೀನು ಮತ್ತೇರಿ ತೇಲುತ್ತದೆ, ಆರಿಸಿಕೊಂಡರಾಯಿತು. ನಮ್ಮ ತೋಡುಗಳಲ್ಲಿಯೂ ಹಿಂದೆ ಇಂಥ ಉಪಾಯ ಇತ್ತು. ಇನ್ನೊಂದು ಜಾಗ ತೆರೆದ ಕಡಲು. ಅಲ್ಲಿ ಗಾಳಿ ಯಾವಾಗ ತಿರುಗುತ್ತದೆ, ಮೀನಿನ ಹಿಂಡು ಬರುತ್ತದೋ ಇಲ್ಲವೋ, ದೋಣಿ ಮರಳುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮಾಲಿನೋವ್‌ಸ್ಕಿ ಕಂಡದ್ದು ಇದು: ಹಿನ್ನೀರಿನ ಮೀನುಗಾರಿಕೆಗೆ ಒಂದೇ ಒಂದು ಮಂತ್ರವಿಲ್ಲ. ಕಡಲಿನ ಮೀನುಗಾರಿಕೆಗೆ ಮಂತ್ರ, ನೇಮ, ನಿಷೇಧಗಳ ದೊಡ್ಡ ಸರಮಾಲೆಯೇ ಇದೆ. ದೂರದ ದ್ವೀಪಗಳಿಗೆ ಹೋಗುವ ದೋಣಿಗೆ ಮರ ಕಡಿಯುವುದರಿಂದ ಹಿಡಿದು ಎಲ್ಲದಕ್ಕೂ ಮಂತ್ರ. ಕಡಲ ಮೇಲೆ ಹಾರಾಡುವ ಮಾಟಗಾತಿಯರು ದೋಣಿ ಮುಳುಗಿದವರನ್ನು ತಿನ್ನುತ್ತಾರೆ ಎಂಬ ಅಂಜಿಕೆ ಇತ್ತು. ಆ ಮಾಟಗಾತಿಯರ ಕಣ್ಣಿಗೆ ಮಂಜು ಕವಿಯುವಂತೆ ಮಾಡುವುದಕ್ಕೇ ಪ್ರತ್ಯೇಕ ಮಂತ್ರಗಳಿದ್ದವು.

ಅದೇ ಜನ, ಅದೇ ಮೀನು, ಅದೇ ಉಪ್ಪುನೀರು. ಒಂದು ಕಡೆ ಮಂತ್ರವಿಲ್ಲ, ಇನ್ನೊಂದು ಕಡೆ ಮಂತ್ರವಿಲ್ಲದೆ ಹೆಜ್ಜೆ ಕೀಳುವಂತಿಲ್ಲ. ಅವರು ಪೆದ್ದರು, ಕಾರ್ಯಕಾರಣ ತಿಳಿಯದವರು ಎನ್ನುವಂತಿಲ್ಲ. ತೋಟದ ಕೆಲಸವನ್ನೆಲ್ಲ ಬಿಟ್ಟು ಮಂತ್ರದಿಂದಲೇ ಬೆಳೆ ತೆಗೆಯಬಹುದಲ್ಲ ಎಂದರೆ ನಿಮ್ಮ ಅಮಾಯಕತನಕ್ಕೆ ಅವರು ನಗುತ್ತಾರೆ ಎಂದು ಮಾಲಿನೋವ್‌ಸ್ಕಿಯೇ ಬರೆದಿದ್ದಾನೆ. ಬೇಲಿ ಹಾಕುವುದು, ಕಳೆ ಕೀಳುವುದು ಅವರ ಕೆಲಸ. ಬಾರದ ಮಳೆ, ಬಂದ ಹುಳು ಮಂತ್ರದ ಪಾಲು. ಗೆರೆ ಅಷ್ಟು ಸ್ಪಷ್ಟ.

ಈ ಪಾಠವನ್ನು ನಾನು ವರ್ಷಾನುಗಟ್ಟಲೆ ತರಗತಿಯಲ್ಲಿ ಹೇಳಿದವನು. ಆದರೆ ಇದನ್ನು ನೋಡಲು ನ್ಯೂಗಿನಿಗೆ ಹೋಗಬೇಕಾಗಿಲ್ಲ. ಮಂಗಳೂರಿನ ಬಂದರಿನಿಂದ ದೋಣಿ ದಾಟಿ ಬೆಂಗ್ರೆಗೆ ಹೋದರೆ ಸಾಕು. ಒಂದು ಪಕ್ಕ ಫಲ್ಗುಣಿ ನದಿ, ಇನ್ನೊಂದು ಪಕ್ಕ ಅರಬ್ಬಿ ಸಮುದ್ರ, ನಡುವೆ ಮರಳಿನ ಪಟ್ಟಿ. ಅಲ್ಲಿಯ ಹಿರಿಯ ತಾಂಡೇಲರೊಬ್ಬರನ್ನು, ಎಂದರೆ ಬೋಟು ನಡೆಸುವವರನ್ನು, ಕೇಳಿದೆ: ನದಿಯಲ್ಲಿ ಮರುವಾಯಿ ಚಿಪ್ಪು ಹೆಕ್ಕಲು ಇಳಿಯುವಾಗ ಏನಾದರೂ ಪೂಜೆ ಉಂಟೇ? ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮರುವಾಯಿ ಹೆಕ್ಕುವುದಕ್ಕೆ ಯಾರು ಕಾಯಿ ಒಡೆಯುತ್ತಾರೆ ಮಾಸ್ಟ್ರೇ? ಕಾಲಿಗೆ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ನಾಳೆ.” ಕಡಲಿಗೆ ಹೋಗುವಾಗ? “ಅದು ಬೇರೆ” ಎಂದರು. ಅಷ್ಟೇ. ಮಾಲಿನೋವ್‌ಸ್ಕಿಗೆ ಹಲವು ಪುಟ ಬೇಕಾದದ್ದು ತಾಂಡೇಲರಿಗೆ ಎರಡು ಮಾತಿನಲ್ಲಿ ಮುಗಿಯಿತು.

ಆಮೇಲೆ ಅವರು ದಕ್ಕೆಯಲ್ಲಿ ಕಟ್ಟಿದ್ದ ಬೋಟಿಗೆ ನನ್ನನ್ನು ಹತ್ತಿಸಿದರು. ಚುಕ್ಕಾಣಿಯ ಕೋಣೆ ನಮ್ಮ ಮನೆಯ ದೇವರ ಕೋಣೆಗಿಂತ ದೊಡ್ಡದಿರಲಿಲ್ಲ. ಅರ್ಧ ಪಾಲು ಅದು ದೇವರ ಕೋಣೆಯೇ ಆಗಿತ್ತು. ಜಿಪಿಎಸ್, ವೈರ್‌ಲೆಸ್, ನೀರಿನಡಿಯ ಮೀನನ್ನು ತೋರಿಸುವ ಪರದೆ. ಅವುಗಳ ಮೇಲುಗಡೆ ಸಾಲಾಗಿ ದೇವರ ಪಟಗಳು, ಒಣಗಿದ ಮಲ್ಲಿಗೆ. ಜಿಪಿಎಸ್‌ನ ಅಂಚಿಗೇ ಒಂದು ಕುಂಕುಮದ ಬೊಟ್ಟು. ಇಷ್ಟೆಲ್ಲ ಯಂತ್ರ ಇರುವಾಗ ಇದೆಲ್ಲ ಏಕೆ ಎಂದು ಬೇಕೆಂದೇ ಕೇಳಿದೆ. ಅವರು ಪರದೆಯನ್ನು ಬೆರಳಿನಿಂದ ತಟ್ಟಿದರು. “ಅಡಿಯಲ್ಲಿ ಮೀನು ಉಂಟು ಎಂದು ಇದು ಹೇಳುತ್ತದೆ. ಬಲೆಗೆ ಬೀಳುತ್ತದೆ ಎಂದು ಹೇಳುವುದಿಲ್ಲ.”

ನೋಡಿ, ಯಂತ್ರ ಬಂದರೆ ದೇವರು ಹೋಗುತ್ತಾನೆ ಎಂದು ನಂಬಿದವರು ಇದನ್ನು ಗಮನಿಸಬೇಕು. ದಿಕ್ಕು ತೋರಿಸು ಎಂದು ಈಗ ಯಾವ ತಾಂಡೇಲನೂ ಹರಕೆ ಹೊರುವುದಿಲ್ಲ, ಅದಕ್ಕೆ ಜಿಪಿಎಸ್ ಇದೆ. ಆದರೆ ನೇತ್ರಾವತಿ, ಫಲ್ಗುಣಿ ಎರಡೂ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ತೆರೆ ಹೇಗೆ ಏಳುತ್ತದೆ ಎಂಬುದಕ್ಕೆ ಯಂತ್ರವಿಲ್ಲ. ಗೆರೆ ಸ್ವಲ್ಪ ಆಚೆ ಸರಿದಿದೆ, ಅಳಿಸಿ ಹೋಗಿಲ್ಲ. ಗೆರೆಯ ಈಚೆ ಕೈ, ಆಚೆ ಕೈಮುಗಿತ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ನೂಲ ಹುಣ್ಣಿಮೆಯ ಹೊತ್ತಿಗೆ ತಣ್ಣೀರುಬಾವಿಯಲ್ಲಿ, ಮಲ್ಪೆಯ ವಡಭಾಂಡೇಶ್ವರದಲ್ಲಿ ಸಮುದ್ರಪೂಜೆ ನಡೆದು ಕಡಲಿಗೆ ಹಾಲು, ತೆಂಗಿನಕಾಯಿ ಬೀಳುತ್ತದೆ. ನದಿಗೆ ಯಾರೂ ಇಷ್ಟು ದೊಡ್ಡ ಮೆರವಣಿಗೆಯಲ್ಲಿ ಹಾಲು ತೆಗೆದುಕೊಂಡು ಹೋದದ್ದನ್ನು ನಾನು ಕಂಡಿಲ್ಲ. ಇನ್ನು ಕಡಲ ಮೀನುಗಾರರಾದ ಮೊಗವೀರರ ಊರುಗಳನ್ನು ಕಾಯುವ ದೈವ ಬೊಬ್ಬರ್ಯ ಯಾರು? ದೈವದ ಕಥೆ ಹೇಳುವ ತುಳು ಹಾಡಾದ ಪಾಡ್ದನದಲ್ಲಿ ಅವನ ತಂದೆ ಮುಸ್ಲಿಂ ವರ್ತಕ. ಮಗ ಕಡಲಿನಲ್ಲಿ ಮಡಿದು ದೈವವಾದವನು. ಕಡಲು ನುಂಗಿದವನನ್ನೇ ಕಡಲಿನಿಂದ ಕಾಪಾಡು ಎಂದು ಕೇಳಿದ ನಮ್ಮ ಹಿರಿಯರ ಧೈರ್ಯವನ್ನು ಮೆಚ್ಚಲೇಬೇಕು. ಜಾತಿ, ಮತ ಕೇಳುವಷ್ಟು ಬಿಡುವು ಆ ಭಯಕ್ಕೆ ಇರಲಿಲ್ಲ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಮೀನಿನಲ್ಲಿಯೇ ಮುಕ್ಕಾಲು ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಆಟಿಯನ್ನೇ ತೆಗೆದುಕೊಳ್ಳಿ. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುತ್ತೇವೆ. ಎಂಥ ಕಹಿ ಎಂದು ನಿಮಗೇ ಗೊತ್ತು. ಅದೇ ತಿಂಗಳು ತಾಳೆಗರಿಯ ಕೊಡೆ ತಿರುಗಿಸುತ್ತಾ ಆಟಿ ಕಳೆಂಜನ ವೇಷ ಅಂಗಳಕ್ಕೆ ಬಂದು ಮಾರಿಯನ್ನು ಕಳೆಯುತ್ತದೆ. ಒಂದೇ ಮನೆ, ಒಂದೇ ತಿಂಗಳು. ಹೊಟ್ಟೆಗೆ ಕಷಾಯ, ಅದು ಕೈಯ ಕೆಲಸ. ಕಷಾಯಕ್ಕೂ ಬಗ್ಗದ್ದಕ್ಕೆ ಕಳೆಂಜ. ನಮ್ಮ ಅಜ್ಜಿಯಂದಿರು ಒಂದನ್ನು ನಂಬಿ ಇನ್ನೊಂದನ್ನು ಬಿಟ್ಟವರಲ್ಲ.

ಕಾಪುವಿನ ಮಾರಿಯಮ್ಮನಿಗೆ ವರ್ಷಕ್ಕೆ ಮೂರು ತುಳು ತಿಂಗಳುಗಳಲ್ಲಿ ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಹಿಂದೆ ಮಾರಿ ಎಂದರೆ ಮೊದಲು ನೆನಪಿಗೆ ಬರುತ್ತಿದ್ದುದು ಸಿಡುಬು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ಹೋಯಿತು ಎಂದು ಸಾರಿತು. ರೋಗ ಹೋಯಿತು, ಅಮ್ಮ ಹೋಗಲಿಲ್ಲ, ಜನವೂ ಕಡಿಮೆಯಾಗಲಿಲ್ಲ. ಏಕೆಂದರೆ ಸಿಡುಬು ಹೋದ ಜಾಗದಲ್ಲಿ ಕೈ ಸಾಲದ ಬೇರೆ ಸಂಗತಿಗಳು ಬಂದು ಕುಳಿತಿವೆ. ಗಲ್ಫಿನಲ್ಲಿರುವ ಮಗನ ಕೆಲಸ, ಮಗಳ ಪರೀಕ್ಷೆ, ಸ್ಕ್ಯಾನಿಂಗ್ ವರದಿ. ಕೊರೊನಾ ಬಂದಾಗ 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ಮೂರ್ತಿಯನ್ನೇ ಪ್ರತಿಷ್ಠೆ ಮಾಡಿದರು. ನಗಬೇಡಿ. ಆ ದಿನಗಳಲ್ಲಿ ಬಾಗಿಲು ಹಾಕಿಕೊಂಡು ನಾವೆಲ್ಲ ತಟ್ಟೆ ಬಡಿದವರೇ.

ನಾಗ. ಚಿರತೆ ಕಣ್ಣಿಗೆ ಬೀಳುತ್ತದೆ, ಬೊಬ್ಬೆ ಹಾಕಬಹುದು. ಕತ್ತಲಲ್ಲಿ ಗದ್ದೆಯ ಹುಣಿಯ ಮೇಲೆ ಬರಿಗಾಲಿಟ್ಟಾಗ ಕೆಳಗೆ ಏನಿದೆ ಎಂದು ಯಾರಿಗೆ ಗೊತ್ತು? ಹಾಗಾಗಿ ಹಾವಿಗೆ ಬನ ಬಿಟ್ಟುಕೊಟ್ಟೆವು: ಈ ಮರ ಕಡಿಯುವುದಿಲ್ಲ, ನೀನು ಇಲ್ಲಿರು, ನಾವು ಅಲ್ಲಿರುತ್ತೇವೆ. ಕಲ್ಲ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುತ್ತಾರೆ ಎಂದು ಬಸವಣ್ಣ ಚುಚ್ಚಿದ್ದು ಸರಿಯೇ, ಆದರೆ ನಮ್ಮ ಸೀಮೆಯಲ್ಲಿ ಸತ್ತ ನಾಗರಹಾವಿಗೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುತ್ತಾರೆ. ಈಗ ಬನದ ಮರಗಳನ್ನು ತೆಗೆದು ಸುತ್ತ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸುತ್ತಿದ್ದಾರೆ. ಹಾವು ಎಲ್ಲಿಗೆ ಹೋಗಬೇಕು? ಇದರ ಬಗ್ಗೆ ಮಾತನಾಡಲು ಹೊರಟರೆ ನನಗೆ ಇನ್ನೊಂದು ಭಾಷಣದ ಹೊತ್ತು ಬೇಕು.

ವೇದದಲ್ಲಿಯೂ ಇದೇ. ರುದ್ರವನ್ನು ನೀವು ದೇವಸ್ಥಾನದಲ್ಲಿ ಕೇಳಿದ್ದೀರಿ. “ಮಾ ನೋ ಮಹಾಂತಮುತ ಮಾ ನೋ ಅರ್ಭಕಂ”: ನಮ್ಮ ದೊಡ್ಡವರನ್ನು ಕೊಲ್ಲಬೇಡ, ಚಿಕ್ಕವರನ್ನು ಕೊಲ್ಲಬೇಡ, ಹಸುಗಳಿಗೆ, ಕುದುರೆಗಳಿಗೆ ಕೇಡು ಮಾಡಬೇಡ. ಇದು ತತ್ತ್ವವಲ್ಲ, ಹಟ್ಟಿಯ ಬಾಗಿಲಲ್ಲಿ ನಿಂತ ಮನೆಯ ಯಜಮಾನನ ನಡುಕ. ಬಾಗಿಲು ಭದ್ರಪಡಿಸಿಯಾಗಿದೆ, ಇನ್ನೇನು ಮಾಡುವುದು ಎಂದು ತೋಚದೆ ಆಡಿದ ಮಾತು.

ನನ್ನ ಮಾತಿಗೆ ಒಂದು ಗಟ್ಟಿ ಆಕ್ಷೇಪಣೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಂಡಮಾನಿನ ಜನರನ್ನು ಅಭ್ಯಾಸ ಮಾಡಿದ ರ್ಯಾಡ್‌ಕ್ಲಿಫ್ ಬ್ರೌನ್ 1939ರಲ್ಲಿ ಮಾಲಿನೋವ್‌ಸ್ಕಿಯನ್ನೇ ತಿರುಗಿಸಿ ಕೇಳಿದ: ಭಯದಿಂದ ಆಚರಣೆಯೋ, ಆಚರಣೆಯಿಂದ ಭಯವೋ? ನಿಷೇಧ ಇರುವುದರಿಂದಲೇ ಅದನ್ನು ಮುರಿದೆನೇ ಎಂಬ ಕಳವಳ ಹುಟ್ಟುವುದಿಲ್ಲವೇ? ಹುಟ್ಟುತ್ತದೆ. ಗ್ರಹಣದ ದಿನ ಬಸುರಿ ಹೆಣ್ಣುಮಗಳನ್ನು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕುವ ಮನೆಗಳಲ್ಲಿ ಆ ಭಯ ಚಂದ್ರನಿಂದ ಬಂದದ್ದಲ್ಲ, ಅತ್ತೆಯಿಂದ ಬಂದದ್ದು. ಅಕ್ಕಂದಿರೇ, ಈ ಎರಡು ಭಯಗಳನ್ನು ಬೇರೆ ಬೇರೆ ಇಡಿ. ಕಡಲಿಗೆ ಹೋದವನು ಮರಳುತ್ತಾನೋ ಎಂಬ ಭಯ ನಿಜವಾದದ್ದು, ಅದಕ್ಕೆ ನೀವು ದೀಪ ಹಚ್ಚಿದರೆ ನಾನು ಪಕ್ಕದಲ್ಲಿ ನಿಂತು ಕೈ ಮುಗಿಯುತ್ತೇನೆ. ಆದರೆ ಚೆನ್ನಾಗಿಯೇ ಇದ್ದ ಸಂಸಾರಕ್ಕೆ ಕವಡೆ ಹಾಕಿ, ಏಳು ತಲೆಮಾರಿನ ಹಿಂದಿನ ದೋಷ ಹುಡುಕಿ, ಪರಿಹಾರಕ್ಕೆ ಇಷ್ಟು ಲಕ್ಷ ಎಂದು ಚೀಟಿ ಬರೆದುಕೊಡುವವರು ಇದ್ದಾರೆ. ಆ ಭಯವನ್ನು ನಿಮ್ಮ ಮನೆಗೆ ತಂದವರು ಅವರೇ. ಸಾಲ ಮಾಡಬೇಡಿ. ಬಂದ ಹಣಕ್ಕೆ ಮಕ್ಕಳ ಶಾಲೆಯ ಶುಲ್ಕ ಕಟ್ಟಿ, ಮಾಡಿನ ಸೋರುವ ಹಂಚು ಬದಲಾಯಿಸಿ.

ಧರ್ಮ ಭಯದಿಂದ ಮಾತ್ರ ಹುಟ್ಟಿತೇ, ಪ್ರೀತಿಯಿಂದ, ಬೆರಗಿನಿಂದ ಹುಟ್ಟಲಿಲ್ಲವೇ ಎಂದು ಈಗಾಗಲೇ ಯಾರೋ ಪತ್ರ ಬರೆಯಲು ಕುಳಿತಿರುತ್ತಾರೆ. ಬರೆಯಿರಿ. ಉತ್ತರ ನನ್ನಲ್ಲಿದೆ, ನಿಮಿಷ ಉಳಿದಿಲ್ಲ. ನಮಸ್ಕಾರ.