ಕೋಲಿಗೆ ಕಟ್ಟಿದ ಡಬ್ಬ

ಕೇಳುಗರೇ, ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಬಾವಿ ಅಂದರೆ ಹಗ್ಗ, ರಾಟೆ, ಕೊಡಪಾನ. ಇಣುಕಿದರೆ ತಲೆ ಸುತ್ತಬೇಕು. ನಾನು ಮೊದಲ ಸಲ ಮಾಲ್ದೀವ್ಸ್‌ನ ಒಂದು ಸಣ್ಣ ದ್ವೀಪಕ್ಕೆ ನೀರು, ಶೌಚಾಲಯದ ಯೋಜನೆಯ ಕೆಲಸಕ್ಕೆ ಹೋದಾಗ, ಒಬ್ಬರು ಅಜ್ಜಿ ಉದ್ದ ಕೋಲಿನ ತುದಿಗೆ ಕಟ್ಟಿದ ಡಬ್ಬವನ್ನು ಬಾವಿಗೆ ಇಳಿಸಿದರು. ನೀರು ಮೊಗೆದು ಕಾಲಿಗೆ ಹೊಯ್ದುಕೊಂಡರು. ಹಗ್ಗವೇ ಇಲ್ಲ! ಒಂದಾಳು ಆಳಕ್ಕೂ ಮೊದಲೇ ನೀರು. ಇಲ್ಲಿ ನನಗೆ ಹೆಚ್ಚು ಕೆಲಸ ಇರಲಿಕ್ಕಿಲ್ಲ ಅಂದುಕೊಂಡೆ.

ಹವಳದ ದ್ವೀಪದ ನೀರಿನ ಸಂಗತಿ ಸ್ವಲ್ಪ ವಿಚಿತ್ರ. ಕೆಳಗೆ ನೀರು ಹಿಡಿದಿಡುವ ಗಟ್ಟಿ ಕಲ್ಲಿಲ್ಲ. ಇರುವುದು ಮರಳು, ಹವಳದ ಪುಡಿ. ಸುತ್ತಲಿನ ಸಮುದ್ರದ ನೀರು ನೆಲದಡಿಗೂ ನುಗ್ಗಿರುತ್ತದೆ. ಮಳೆನೀರು ಇಂಗಿ ಆ ಉಪ್ಪುನೀರಿನ ಮೇಲೆ ತೇಲುತ್ತದೆ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ನಿಂತ ಹಾಗೆ ಅನ್ನಿ. ಆದರೆ ಎಣ್ಣೆ ಸಾರಿನಲ್ಲಿ ಬೆರೆಯುವುದಿಲ್ಲ, ಇದು ಬೆರೆತುಬಿಡುತ್ತದೆ. ದ್ವೀಪದ ನಡುವೆ ಈ ಸಿಹಿನೀರಿನ ಪದರ ದಪ್ಪ, ದಡದ ಹತ್ತಿರ ತೆಳು. ಪುಸ್ತಕದ ಲೆಕ್ಕದಲ್ಲಿ ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ, ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬೇಕು. ಕೇಳಲು ಖುಷಿ. ಈಗ ತಿರುಗಿಸಿ ನೋಡಿ. ಮೇಲೆ ಒಂದು ಅಡಿ ಇಳಿಯುವಷ್ಟು ಎಳೆದರೆ, ಕೆಳಗಿನಿಂದ ಉಪ್ಪು 40 ಅಡಿ ಏರಲು ಹೊರಡುತ್ತದೆ.

ಇದು ಗೊತ್ತಿದ್ದೂ ನಾನು ಒಂದು ಎಡವಟ್ಟು ಮಾಡಿದೆ. ಶಾಲೆಗೆ ನೀರು ಸಾಲದು ಅಂದರು. ಒಂದೇ ಬಾವಿಗೆ ಮೋಟಾರ್ ಕೂರಿಸಿದೆ. ಮಕ್ಕಳು ಚಪ್ಪಾಳೆ ಹೊಡೆದರು. ಬೇಸಿಗೆಯೊಳಗೆ ಆ ಬಾವಿಯೂ ಪಕ್ಕದ ಎರಡು ಮನೆಗಳ ಬಾವಿಯೂ ಉಪ್ಪಾದವು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಿಧಾನವಾಗಿ, ಅಗಲವಾಗಿ, ಮೇಲುಮೇಲಿನಿಂದ ನೀರು ತೆಗೆಯಬೇಕಿತ್ತು. ಪೆಸಿಫಿಕ್‌ನ ಕಿರಿಬಾತಿ ದೇಶದಲ್ಲಿ, ದಕ್ಷಿಣ ತರಾವಾದ ಜನಕ್ಕೆ ಹೀಗೇ ನೀರು ಕೊಡುತ್ತಾರೆ. ನೀರಿನ ಮಟ್ಟದಲ್ಲೇ ತೂತಿನ ಪೈಪುಗಳನ್ನು ಅಡ್ಡಡ್ಡ ಮಲಗಿಸಿ, ಅದರಿಂದ ಒಟ್ಟಾದ ನೀರನ್ನು ಎತ್ತುತ್ತಾರೆ.

ಇನ್ನು ಶೌಚಾಲಯ. ನಾನಿದ್ದ ದ್ವೀಪದಲ್ಲಿ ಬಾವಿ, ಶೌಚಾಲಯದ ಗುಂಡಿ ಎರಡೂ ಒಂದೇ ಅಂಗಳದಲ್ಲಿ. ಮರಳಿನಲ್ಲಿ ಕೊಳಕು ನೀರು ಸೋಸುವುದೂ ಕಡಿಮೆ, ನಿಲ್ಲುವುದೂ ಕಡಿಮೆ. ಗುಂಡಿಯಲ್ಲಿದ್ದದ್ದು ಬಾವಿಗೆ ಬರುತ್ತದೆ. 1978ರಲ್ಲಿ ಮಾಲ್ದೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಕಾಲರಾ ಹರಡಿದ್ದಕ್ಕೆ ಇಂಥ ನೀರೇ ದಾರಿ. ಆಮೇಲೆ ಮಾಲೆಯಲ್ಲಿ ಒಳಚರಂಡಿ ಹಾಕಿ, ಕೊಳೆನೀರನ್ನು ಸಮುದ್ರಕ್ಕೆ ಬಿಟ್ಟರು. ರೋಗದ ಮಟ್ಟಿಗೆ ಸರಿಯಾದ ಕೆಲಸ. ಆದರೆ ಬಾವಿಯಿಂದ ಎತ್ತಿದ ನೀರು ಮತ್ತೆ ನೆಲಕ್ಕೆ ಹೋಗದೆ ಪೈಪಿನಲ್ಲಿ ಸಮುದ್ರ ಸೇರಿತು. ಮೊದಲೇ ಎಳೆದು ಎಳೆದು ಸೊರಗಿದ್ದ ಸಿಹಿನೀರಿನ ಪದರ ಇನ್ನೂ ತೆಳುವಾಯಿತು.

ನೋಡಿ, ನಮ್ಮ ಕಚೇರಿಗಳಲ್ಲಿ ನೀರಿಗೊಂದು ವಿಭಾಗ, ಶೌಚಾಲಯಕ್ಕೊಂದು ವಿಭಾಗ. ದ್ವೀಪದ ಅಂಗಳದಲ್ಲಿ ಅವೆರಡರ ನಡುವೆ ಹತ್ತು ಹೆಜ್ಜೆ. ನನ್ನ ಹುದ್ದೆಯ ಹೆಸರು ದೊಡ್ಡದಿತ್ತು, ಕೆಲಸ ಮಾತ್ರ ಆ ಎರಡು ವಿಭಾಗದವರನ್ನು ಒಂದೇ ಚಾಪೆಯ ಮೇಲೆ ಕೂರಿಸುವುದು. ಜೊತೆಗೆ ದೋಣಿಯ ವೇಳೆ ನೋಡಿಕೊಳ್ಳುವುದು! ಮಳೆಗಾಲದಲ್ಲಿ ಪಂಪಿನ ಒಂದು ವಾಷರ್‌ಗೆ ಮೂರು ವಾರ ಕಾದದ್ದಿದೆ.

2014ರ ಡಿಸೆಂಬರ್ 4ರಂದು ಮಾಲೆಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿತ್ತು. ಒಂದು ಲಕ್ಷಕ್ಕೂ ಜಾಸ್ತಿ ಜನರ ನಲ್ಲಿ ಒಣಗಿತು. ಭಾರತದಿಂದ ವಿಮಾನದಲ್ಲಿ, ನೌಕಾಪಡೆಯ ಹಡಗಿನಲ್ಲಿ ನೀರು ಹೋಯಿತು. ಅದಕ್ಕೆ 'ಆಪರೇಷನ್ ನೀರ್' ಅಂತ ಹೆಸರು. ಹಳೆಯ ಬಾವಿಗಳ ನೀರನ್ನು ಅಷ್ಟರಲ್ಲಿ ಬಾಯಿಗೆ ಹಾಕುವ ಹಾಗಿರಲಿಲ್ಲ.

ನಮ್ಮ ಲಕ್ಷದ್ವೀಪದ ಕಥೆಯೂ ಹೆಚ್ಚು ಬೇರೆಯಲ್ಲ. ಅಲ್ಲಿನ ಅಮಿನಿ, ಕದ್ಮತ್ ಕಡೆಯ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಎಷ್ಟು ಜನಕ್ಕೆ ನೆನಪಿದೆಯೋ! ಅಲ್ಲಿನ ಕವರತ್ತಿಯಲ್ಲಿ 2005ರಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ಕೊಡುವ ಘಟಕ ಶುರುವಾಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮಾಡಿದ್ದು. ಮೇಲಿನ ಬೆಚ್ಚಗಿನ ಸಮುದ್ರದ ನೀರನ್ನು ಗಾಳಿ ತೆಗೆದ ಕೊಠಡಿಯಲ್ಲಿ ಆವಿ ಮಾಡುತ್ತಾರೆ. ಸುಮಾರು 350 ಮೀಟರ್ ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುತ್ತಾರೆ. ಜಾಣತನದ ಕೆಲಸ, ಒಪ್ಪಲೇಬೇಕು. ಆದರೆ ಪಂಪು ತಿರುಗಬೇಕಲ್ಲ, ಅದಕ್ಕೆ ಕರೆಂಟು ಬೇಕು.

ಅದಕ್ಕೇ ನನಗೆ ಮಳೆನೀರಿನ ಟ್ಯಾಂಕಿನ ಮೇಲೆ ಪ್ರೀತಿ ಜಾಸ್ತಿ. 2004ರ ಸುನಾಮಿ ಆದ ಮೇಲೆ ಮಾಲ್ದೀವ್ಸ್‌ನ ಮನೆಮನೆಗೆ ಟ್ಯಾಂಕು ಬಂದವು. 2,500 ಲೀಟರ್ ಟ್ಯಾಂಕು, ಮನೆಯಲ್ಲಿ ಐದು ಜನ ಅನ್ನಿ. ಕುಡಿಯಲು, ಅಡುಗೆಗೆ ತಲೆಗೆ ಐದು ಲೀಟರ್. ನೂರು ದಿನ ಬರುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಸೊಳ್ಳೆ ಹೋಗದ ಹಾಗೆ ಬಲೆ ಕಟ್ಟಬೇಕು, ಅಷ್ಟೇ. ನಾನು ಹೇಳಿದ ಅಜ್ಜಿ ಟ್ಯಾಂಕಿನ ನಲ್ಲಿಗೆ ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದರು. ನನ್ನ ಇಡೀ ಯೋಜನೆಯಲ್ಲಿ ಅಷ್ಟು ಗಟ್ಟಿಯಾದ ನಿರ್ವಹಣಾ ಸಮಿತಿ ಇನ್ನೊಂದಿರಲಿಲ್ಲ.

ನಿವೃತ್ತಿಯ ವರ್ಷ ಆ ದ್ವೀಪಕ್ಕೆ ಮತ್ತೆ ಹೋಗಿದ್ದೆ. ಮನೆಯೊಳಗೆ ನಲ್ಲಿ ಬಂದಿತ್ತು. ಅಜ್ಜಿಯ ಕೋಲು, ಡಬ್ಬ ಮಾತ್ರ ಬಾವಿಕಟ್ಟೆಗೆ ಒರಗಿಕೊಂಡೇ ಇದ್ದವು. ಸುಮ್ನೆ ಒಂದು ಡಬ್ಬ ನೀರೆತ್ತಿ ಉಪ್ಪು ಅಳೆಯುವ ಮೀಟರ್ ಇಳಿಸಿ ನೋಡಿದೆ. ಮೊದಲಿಗಿಂತ ಉಪ್ಪು ಜಾಸ್ತಿಯೇ ಇತ್ತು. ಹೇಳಬೇಕೋ ಬೇಡವೋ ಅಂತ ಯೋಚಿಸಿ, ಹೇಳಿಯೇಬಿಟ್ಟೆ.

"ನನಗೆ ಗೊತ್ತು ಮಗಾ, ಕಾಲು ತೊಳೆಯಲು ಸಾಕು" ಅಂದರು.