ಮೂರು ಪಿನ್ನು, ಇಬ್ಬರೇ ಜನ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಫುಟ್‌ಬಾಲ್ ಹುಚ್ಚಿನವರು ಯಾರಾದರೂ ಇದ್ದರೆ ಈ ಧ್ವನಿ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಗೋಲು ಬಿತ್ತು ಅಂದ ತಕ್ಷಣ ಸಾವಿರಾರು ಜನ ಎದ್ದು ನಿಂತು ಒಟ್ಟಿಗೆ ಹಾಡುತ್ತಾರೆ. ಓ..., ಓ ಓ ಓ ಓ, ಓ..., ಓ... ನನ್ನ ಗಂಟಲನ್ನು ಕ್ಷಮಿಸಿಬಿಡಿ. ಇದರಲ್ಲಿ ಮಾತೇ ಇಲ್ಲ, ಇರುವುದು ಏಳು ಸ್ವರ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಒತ್ತಿ ನೋಡಿ. ಸ, ಸ, ಗ, ಸ, ಆಮೇಲೆ ಕೆಳಗಿಳಿದು ನಿ, ದ, ಪ. ಸಂಗೀತ ಕಲಿತವರು ಇದು ನಠಭೈರವಿಯ ಸ್ವರಗಳ ಒಳಗೇ ಕೂರುತ್ತದೆ ಅಂತ ಹೇಳಿಯಾರು. ಹಾಗಂತ ಇದು ರಾಗ ಅಂತ ನಾನು ಹೇಳುತ್ತಿಲ್ಲ, ಬೈಯಬೇಡಿ.

ಇದನ್ನು ಕಟ್ಟಿದವನು ಮೊದಲು ಸೋಫಾ ರಿಪೇರಿ ಮಾಡುತ್ತಿದ್ದ. ಇವತ್ತಿನ ಮಾತು ಅವನ ಮತ್ತು ಅವನ ಜೊತೆ ಡ್ರಮ್ ಬಾರಿಸಿದ ಹೆಣ್ಣುಮಗಳದು. ಅವರ ತಂಡದ ಹೆಸರು ದಿ ವೈಟ್ ಸ್ಟ್ರೈಪ್ಸ್. ಅಮೆರಿಕದ ಡೆಟ್ರಾಯಿಟ್ ಊರಿನದು.

ಇವರು ನುಡಿಸಿದ್ದನ್ನು ಗ್ಯಾರೇಜ್ ರಾಕ್ ಅನ್ನುತ್ತಾರೆ. ಗ್ಯಾರೇಜ್ ಅಂದರೆ ನಮಗೆ ಮೊದಲು ನೆನಪಾಗುವುದು ಸ್ಕೂಟರ್ ಬಿಚ್ಚಿಟ್ಟುಕೊಂಡು ಕೂತ ಮೆಕ್ಯಾನಿಕ್, ಅಲ್ವಾ? ಅಲ್ಲಿ ಹಾಗಲ್ಲ. ಮನೆಯ ಪಕ್ಕದಲ್ಲಿ ಕಾರು ನಿಲ್ಲಿಸುವ ಶೆಡ್ಡು. 1960ರ ದಶಕದಲ್ಲಿ ಅಮೆರಿಕದ ಹೈಸ್ಕೂಲು ಹುಡುಗರು ಅಪ್ಪನ ಕಾರನ್ನು ಹೊರಗೆ ತಳ್ಳಿ, ಆ ಶೆಡ್ಡಿನಲ್ಲಿ ಗಿಟಾರು ಡ್ರಮ್ಮು ಇಟ್ಟುಕೊಂಡು ಗಲಾಟೆ ಎಬ್ಬಿಸಿದರು. ಗಿಟಾರಿನಲ್ಲಿ ನುಡಿಸಲು ಬರುತ್ತಿದ್ದದ್ದು ಮೂರೇ ಸ್ವರಗುಚ್ಛ, ಸದ್ದು ಮಾತ್ರ ಊರಿಗೆಲ್ಲಾ. ಆ ಒರಟು ಸಂಗೀತ ಬೇಗ ಮರೆಯಾಯಿತು. 2001ರ ಹೊತ್ತಿಗೆ ಮತ್ತೆ ತಲೆ ಎತ್ತಿತು. ನ್ಯೂಯಾರ್ಕಿನಿಂದ ದಿ ಸ್ಟ್ರೋಕ್ಸ್, ಸ್ವೀಡನ್ನಿನ ಫಾಗೆರ್ಸ್ತಾ ಎಂಬ ಸಣ್ಣ ಊರಿನಿಂದ ದಿ ಹೈವ್ಸ್, ಸಿಡ್ನಿಯಿಂದ ದಿ ವೈನ್ಸ್. ಇವರೆಲ್ಲರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಡೆಟ್ರಾಯಿಟ್‌ನವರು.

ಡೆಟ್ರಾಯಿಟ್ ಕಾರಿನ ಊರು. 1950ರಲ್ಲಿ ಅಲ್ಲಿ ಹದಿನೆಂಟೂವರೆ ಲಕ್ಷ ಜನ ಇದ್ದರು. 2000ದಲ್ಲಿ ಉಳಿದದ್ದು ಒಂಬತ್ತೂವರೆ ಲಕ್ಷ. ಅರ್ಧ ಊರೇ ಎದ್ದು ಹೋದ ಹಾಗೆ. ಆ ಏಳು ಸ್ವರ ಕಟ್ಟಿದ ಜಾನ್ ಗಿಲ್ಲಿಸ್ ಹುಟ್ಟಿದ್ದು ಅಲ್ಲಿ, 1975ರಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವನು. ಹದಿಹರೆಯದಲ್ಲೇ ಬ್ರಯನ್ ಮುಲ್ಡೂನ್ ಎಂಬವರ ಹತ್ತಿರ ಕುರ್ಚಿ, ಸೋಫಾಗಳಿಗೆ ಮೆತ್ತೆ ಕೂರಿಸಿ ಬಟ್ಟೆ ಎಳೆದು ಹೊಡೆಯುವ ಕೆಲಸ ಕಲಿತ. ನಮ್ಮ ಊರುಗಳಲ್ಲಿ ಕುಶನ್ ವರ್ಕ್ಸ್ ಅಂತ ಬೋರ್ಡ್ ಹಾಕಿರುತ್ತಾರಲ್ಲ, ಅದೇ ಕೆಲಸ. ಮುಲ್ಡೂನ್‌ಗೆ ಡ್ರಮ್ ಬರುತ್ತಿತ್ತು. ಹಾಗಾಗಿ ಕೆಲಸ ಕಲಿಸಿದವರ ಜೊತೆಯಲ್ಲೇ ಸಂಗೀತವೂ ಸಾಗಿತು.

ಆಮೇಲೆ ಜಾನ್ ತನ್ನದೇ ಅಂಗಡಿ ಹಾಕಿದ. ಥರ್ಡ್ ಮ್ಯಾನ್ ಅಪೋಲ್ಸ್ಟರಿ ಅಂತ ಹೆಸರು. ವ್ಯಾಪಾರದಲ್ಲಿ ಅವನು ಜಾಣನಲ್ಲ. ಅಂಗಡಿಯದೆಲ್ಲಾ ಹಳದಿ, ಕಪ್ಪು, ಬಿಳಿ, ಈ ಮೂರೇ ಬಣ್ಣದಲ್ಲಿರಬೇಕು ಅಂತ ಹಠ. ಗಿರಾಕಿಯ ಸೋಫಾ ಬಿಚ್ಚಿದಾಗ ಒಳಗೆ ಕವಿತೆ ಬರೆದಿಟ್ಟು ಹೊಲಿದುಬಿಡುತ್ತಿದ್ದ. ದುಡ್ಡು ಕೊಟ್ಟವನಿಗೆ ಅದು ಗೊತ್ತೂ ಇಲ್ಲ.

ಆ ಕೆಲಸದಲ್ಲಿ ಅವನ ತಲೆಗೆ ಒಂದು ವಿಷಯ ಹತ್ತಿತು. ಕುರ್ಚಿಯ ಒಂದು ಬದಿಗೆ ಬಟ್ಟೆ ಎಳೆದು ಹಿಡಿದು ಸ್ಟೇಪಲ್ ಪಿನ್ ಹೊಡೆಯುತ್ತಾರೆ. ಎರಡು ಹೊಡೆದರೆ ಸಾಲದು. ಈ ತುದಿಗೊಂದು, ಆ ತುದಿಗೊಂದು, ನಡುವೆ ಒಂದು. ಮೂರಾದರೆ ನಿಲ್ಲುತ್ತದೆ. ಮೂರರ ಹುಚ್ಚು ಶುರುವಾದದ್ದೇ ಅಲ್ಲಿಂದ ಅಂತ ಅವನೇ ಹೇಳಿಕೊಂಡಿದ್ದಾನೆ. ಮುಂದೆ ತಂಡ ಕಟ್ಟಿದಾಗಲೂ ಅದೇ ಲೆಕ್ಕ. ಕಂಠ, ಗಿಟಾರು, ಡ್ರಮ್ಮು. ಕೆಂಪು, ಬಿಳಿ, ಕಪ್ಪು. ನಾಲ್ಕನೆಯದಕ್ಕೆ ಜಾಗ ಇಲ್ಲ.

1996ರಲ್ಲಿ ಅವನು ಮೆಗ್ ವೈಟ್‌ಳನ್ನು ಮದುವೆಯಾದ. ಅವಳು ರೆಸ್ಟೊರೆಂಟ್ ಕೆಲಸದಲ್ಲಿದ್ದಳು. ಮದುವೆಯಾದ ಮೇಲೆ ಇವನೇ ಹೆಂಡತಿಯ ಮನೆತನದ ಹೆಸರು ಇಟ್ಟುಕೊಂಡ. ಜ್ಯಾಕ್ ವೈಟ್ ಅಂತ ಜಗತ್ತಿಗೆ ಗೊತ್ತಿರುವ ಹೆಸರಿನಲ್ಲಿ ವೈಟ್ ಅನ್ನುವುದು ಹೆಂಡತಿ ಕಡೆಯಿಂದ ಬಂದದ್ದು. 1997ರಲ್ಲಿ ಒಂದು ದಿನ ಮೆಗ್ ಮನೆಯಲ್ಲಿದ್ದ ಡ್ರಮ್ ಮುಂದೆ ಸುಮ್ನೆ ಕೂತು ಬಾರಿಸಿದಳು. ಕಲಿತದ್ದು ಏನೂ ಇಲ್ಲ. ಮಗು ತಟ್ಟೆ ಬಡಿದ ಹಾಗೆ, ಆದರೆ ನಿಖರವಾಗಿ. ಅದನ್ನು ಕೇಳಿ ಜ್ಯಾಕ್‌ಗೆ ಏನೋ ಹೊಳೆಯಿತು. ಆ ವರ್ಷವೇ ಡೆಟ್ರಾಯಿಟ್‌ನ ಗೋಲ್ಡ್ ಡಾಲರ್ ಎಂಬ ಬಾರ್‌ನಲ್ಲಿ ಇಬ್ಬರೂ ಮೊದಲ ಸಲ ವೇದಿಕೆ ಹತ್ತಿದರು. ದಪ್ಪ ಧ್ವನಿಯ ಬೇಸ್ ಗಿಟಾರಿನವರು ಯಾರೂ ಇಲ್ಲ. ರಾಕ್ ತಂಡದಲ್ಲಿ ಬೇಸ್ ಇಲ್ಲದಿದ್ದರೆ ಊಟದಲ್ಲಿ ಸಾರು ಮರೆತ ಹಾಗೆ. ಇವರು ಮರೆತಿರಲಿಲ್ಲ, ಬೇಡ ಅಂದಿದ್ದರು.

ಮೆಗ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅವಳಿಗೆ ಬಾರಿಸಲು ಬರುವುದಿಲ್ಲ ಅಂತ ವರ್ಷಗಟ್ಟಲೆ ಜನ ಗೇಲಿ ಮಾಡಿದರು. ನಾನೂ ಮೊದಲ ಸಲ ಕೇಳಿದಾಗ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಮತ್ತೆ ಮತ್ತೆ ಕೇಳಿದ ಮೇಲೆ ಅಭಿಪ್ರಾಯ ಬದಲಾಯಿತು. ಭಜನೆಯಲ್ಲಿ ತಾಳ ಹಾಕುವವರನ್ನು ನೋಡಿ. ಅವರು ಚಮತ್ಕಾರ ತೋರಿಸಲು ಹೊರಟರೆ ಹಾಡುವವರು ದಾರಿ ತಪ್ಪುತ್ತಾರೆ. ಜ್ಯಾಕ್ ಗಿಟಾರಿನಲ್ಲಿ ಎಲ್ಲೆಲ್ಲಿಗೋ ಹಾರುತ್ತಾನೆ, ಕಿರುಚುತ್ತಾನೆ, ಹಾಡಿನ ಮಧ್ಯೆ ಇನ್ನೊಂದು ಹಾಡಿಗೆ ಜಿಗಿಯುತ್ತಾನೆ. ಮೆಗ್ ಕೂತಲ್ಲೇ ಕೂತು ನೆಲ ಹಿಡಿದುಕೊಂಡಿರುತ್ತಾಳೆ. ಎಲ್ಲಿ ಬಾರಿಸಬಾರದು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡ್ರಮ್ ಕಲಿತವನೊಬ್ಬ ಅಲ್ಲಿ ಕೂತಿದ್ದರೆ ಈ ತಂಡ ನಿಲ್ಲುತ್ತಿರಲಿಲ್ಲ ಅಂತಲೇ ನನ್ನ ಲೆಕ್ಕ.

ಮೊದಲ ಆಲ್ಬಂ 1999ರಲ್ಲಿ ಬಂತು. ಎರಡನೆಯದು 2000ದಲ್ಲಿ. ಅದನ್ನು ಜ್ಯಾಕ್ ತನ್ನ ಮನೆಯ ಹಾಲ್‌ನಲ್ಲೇ ಎಂಟು ಟ್ರ್ಯಾಕ್ ಟೇಪಿನಲ್ಲಿ, ಅಂದರೆ ಎಂಟು ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಟೇಪಿನಲ್ಲಿ, ಮುದ್ರಿಸಿದ. ಅರ್ಪಣೆ ಇಬ್ಬರಿಗೆ. ಒಬ್ಬ ಬ್ಲೂಸ್ ಹಾಡುಗಾರ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್. ಇನ್ನೊಬ್ಬ ಹೆರಿಟ್ ರೀಟ್‌ಫೆಲ್ಟ್. ಈತ ಹಾಡುಗಾರನೇ ಅಲ್ಲ, ಹಾಲೆಂಡಿನಲ್ಲಿ ಕುರ್ಚಿ ಮಾಡಿದವನು! ಕುಶನ್ ಕೆಲಸದವನಿಗೆ ಕುರ್ಚಿಯವನ ಮೇಲೆ ಭಕ್ತಿ.

ಅದೇ ವರ್ಷ ಗಂಡ ಹೆಂಡತಿಗೆ ವಿಚ್ಛೇದನವೂ ಆಯಿತು. ತಂಡ ಮಾತ್ರ ಮುರಿಯಲಿಲ್ಲ. ಪತ್ರಿಕೆಯವರ ಮುಂದೆ ಇವರು ನಾವು ಅಕ್ಕ ತಮ್ಮ ಅನ್ನುತ್ತಿದ್ದರು. ಕೆಂಪು ಬಿಳಿ ಬಟ್ಟೆ ಹಾಕಿಕೊಂಡು, ಮುಖ ಗಂಟಿಕ್ಕದೆ, ಹಾಡಹಗಲೇ ಸುಳ್ಳು. 2001ರಲ್ಲಿ ಮದುವೆ ದಾಖಲೆ, ವಿಚ್ಛೇದನದ ದಾಖಲೆ ಎರಡೂ ಹೊರಬಿದ್ದವು. ಆಗಲೂ ಇವರು ಜಗ್ಗಲಿಲ್ಲ. ಗಂಡ ಹೆಂಡತಿ ಅಂದರೆ ಜನ ಸಂಸಾರದ ಕಥೆ ಕೇಳುತ್ತಾರೆ, ಒಡಹುಟ್ಟಿದವರು ಅಂದರೆ ಸಂಗೀತ ಕೇಳುತ್ತಾರೆ ಎಂಬ ಅರ್ಥದಲ್ಲಿ ಜ್ಯಾಕ್ ಆಮೇಲೆ ಸಮಜಾಯಿಷಿ ಕೊಟ್ಟ. ಮಾತಿನಲ್ಲಿ ಸತ್ಯ ಇದೆ. ನೋಡಿ, ನಾನೂ ಸಂಸಾರದ ಕಥೆಯನ್ನೇ ಹೇಳುತ್ತಾ ಕೂತಿದ್ದೇನೆ.

2001ರಲ್ಲಿ ಮೂರನೇ ಆಲ್ಬಂ ಬಂತು. ಅದರ ಒಂದು ಹಾಡು ಎರಡು ನಿಮಿಷವೂ ಇಲ್ಲ. ಅದಕ್ಕೆ ಮಿಶೆಲ್ ಗೊಂಡ್ರಿ ಎಂಬ ನಿರ್ದೇಶಕ ಮಕ್ಕಳ ಲೆಗೊ ಇಟ್ಟಿಗೆಗಳನ್ನು ಒಂದೊಂದೇ ಜೋಡಿಸಿ ವಿಡಿಯೊ ಮಾಡಿದ. ಅಲ್ಲಿಂದ ಇಬ್ಬರ ಮುಖ ಎಲ್ಲರಿಗೂ ಪರಿಚಯವಾಯಿತು. ಇಂಗ್ಲೆಂಡಿನ ಬಾನುಲಿಯಲ್ಲಿ ಜಾನ್ ಪೀಲ್ ಎಂಬ ನಿರೂಪಕರು ಇವರನ್ನು ಕರೆದು ನುಡಿಸಲು ಹೇಳಿದರು. ಬಾನುಲಿಯವರು ಹುಡುಕಿ ತಂದ ತಂಡ ಅನ್ನುವಾಗ ನನಗೆ ಸ್ವಲ್ಪ ಹೆಮ್ಮೆಯೇ.

ಈಗ ಆ ಏಳು ಸ್ವರಕ್ಕೆ ಬರೋಣ. 2002ರ ಜನವರಿ. ಆಸ್ಟ್ರೇಲಿಯಾದ ಮೆಲ್ಬರ್ನ್, ಕಾರ್ನರ್ ಹೋಟೆಲ್. ಸಂಜೆಯ ಕಾರ್ಯಕ್ರಮಕ್ಕೆ ಮುಂಚೆ ಮೈಕು ಪರೀಕ್ಷೆ ನಡೆದಿತ್ತು. ಜ್ಯಾಕ್ ಸುಮ್ನೆ ತಂತಿ ಮೀಟುತ್ತಿದ್ದಾಗ ಇದು ಕೈಗೆ ಬಂತು. ಪಕ್ಕದಲ್ಲಿದ್ದ ಗೆಳೆಯನಿಗೆ ಕೇಳಿಸಿದ. ಗೆಳೆಯ ಹೂಂ, ಪರವಾಗಿಲ್ಲ ಅಂದ, ಅಷ್ಟೇ. ಯಾವತ್ತಾದರೂ ಜೇಮ್ಸ್ ಬಾಂಡ್ ಸಿನಿಮಾಕ್ಕೆ ಹಾಡು ಮಾಡಲು ಕರೆದರೆ ಇರಲಿ ಅಂತ ಎತ್ತಿಡುವ ಯೋಚನೆ ಇತ್ತು. ಆಮೇಲೆ ಯಾರು ಕರೆಯುತ್ತಾರೆ ಅಂತ ತಾನೇ ಬಳಸಿಕೊಂಡ. ಹೆಸರು ಸೆವೆನ್ ನೇಷನ್ ಆರ್ಮಿ. ಸಾಲ್ವೇಷನ್ ಆರ್ಮಿ ಎಂಬ ಸೇವಾ ಸಂಸ್ಥೆಯ ಹೆಸರು ಚಿಕ್ಕವನಿದ್ದಾಗ ಅವನ ಕಿವಿಗೆ ಬಿದ್ದದ್ದು ಹಾಗೆ. ತಮಾಷೆ ಅಂದರೆ, 2008ರಲ್ಲಿ ಬಾಂಡ್ ಸಿನಿಮಾದವರು ನಿಜವಾಗಿಯೂ ಕರೆದರು.

ಹಾಡಿನ ಶುರುವಿನಲ್ಲಿ ಬೇಸ್ ಗಿಟಾರಿನಂತೆ ದಪ್ಪ ಧ್ವನಿ ಕೇಳುತ್ತದೆ. ಅದು ಬೇಸ್ ಅಲ್ಲ. 1950ರ ದಶಕದ ಹಳೇ ಗಿಟಾರು. ಕಾಲ ಕೆಳಗಿನ ಪೆಡಲ್ ಒಂದು ಅದರ ಧ್ವನಿಯನ್ನು ಒಂದು ಸ್ಥಾಯಿ ಕೆಳಕ್ಕೆ ಇಳಿಸುತ್ತದೆ. ಅಡಿಯಲ್ಲಿ ಮೆಗ್‌ಳ ದೊಡ್ಡ ಡ್ರಮ್ಮು, ಧಂ ಧಂ ಧಂ ಅಂತ ಎದೆ ಬಡಿತದ ಹಾಗೆ. ಈ ಹಾಡಿರುವ ಆಲ್ಬಂನ ಬಹುಪಾಲು ಮುದ್ರಣ ಆದದ್ದು ಲಂಡನ್ನಿನ ಟೋ ರ‍್ಯಾಗ್ ಎಂಬ ಸಣ್ಣ ಸ್ಟುಡಿಯೊದಲ್ಲಿ. ಎಂಟು ಟ್ರ್ಯಾಕ್ ಟೇಪು, 1960ರ ದಶಕದ ಕಾಲದ ಯಂತ್ರಗಳು, ಕಂಪ್ಯೂಟರ್ ಮುಟ್ಟಲೇ ಇಲ್ಲ. ಎರಡು ವಾರವೂ ಹಿಡಿಯಲಿಲ್ಲ. 2003ರಲ್ಲಿ ಆ ಆಲ್ಬಂ ಹೊರಬಂತು, ಎಲಿಫೆಂಟ್ ಅಂತ. ಮರುವರ್ಷ ಎರಡು ಗ್ರ್ಯಾಮಿ ಪ್ರಶಸ್ತಿ ತಂದಿತು.

2003ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗೆ ತಂಡದ ಬೆಂಬಲಿಗರು ಮಿಲಾನ್‌ಗೆ ಪಂದ್ಯ ನೋಡಲು ಹೋಗಿದ್ದರು. ಬಾರ್ ಒಂದರಲ್ಲಿ ಈ ಹಾಡು ಕೇಳಿಸಿತು. ಅದನ್ನೇ ಗುನುಗಿಕೊಂಡು ಮೈದಾನಕ್ಕೆ ಬಂದರು. ಬಲಾಢ್ಯ ಎಸಿ ಮಿಲಾನ್ ಮೇಲೆ ಬ್ರೂಗೆ 1-0 ಗೆದ್ದಿತು. ಇನ್ನು ಬಿಡುತ್ತಾರೆಯೇ? 2006ರಲ್ಲಿ ಬ್ರೂಗೆಗೆ ಆಡಲು ಬಂದ ರೋಮಾ ತಂಡದವರ ಮೂಲಕ ಇಟಲಿಗೆ ಹಬ್ಬಿತು. ಆ ಬೇಸಿಗೆಯಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಬೀದಿ ಬೀದಿಯಲ್ಲಿ ಇದೇ. ಹಾಡಿದವರಲ್ಲಿ ಎಷ್ಟೋ ಜನಕ್ಕೆ ಅದು ಯಾರ ಹಾಡು ಅಂತ ಗೊತ್ತಿರಲಿಲ್ಲ.

2007ರಲ್ಲಿ ಇವರು ಕೆನಡಾದ ಎಲ್ಲಾ ಪ್ರಾಂತ್ಯಗಳನ್ನೂ ಸುತ್ತಿದರು. ಬಸ್ಸಿನಲ್ಲಿ ನುಡಿಸಿದರು, ದೋಣಿಯಲ್ಲಿ ನುಡಿಸಿದರು. ಜುಲೈ 16ರಂದು ಸೇಂಟ್ ಜಾನ್ಸ್ ಎಂಬ ಊರಿನ ಬೀದಿಯಲ್ಲಿ ವೇದಿಕೆ ಹಾಕಿ, ಜನ ಸೇರಿದ ಮೇಲೆ ಒಂದೇ ಒಂದು ಸ್ವರ ನುಡಿಸಿದರು. ಜ್ಯಾಕ್ ತಂತಿಗೆ ಒಂದು ಏಟು, ಮೆಗ್ ಡ್ರಮ್ಮಿಗೆ ಒಂದು ಏಟು. ಕಾರ್ಯಕ್ರಮ ಮುಗಿಯಿತು ಅಂತ ಇಳಿದುಬಿಟ್ಟರು. ಪೂರ್ತಿ ಕಚೇರಿ ಅದೇ ರಾತ್ರಿ ಬೇರೆ ಕಡೆ ಇತ್ತು, ಗಾಬರಿಯಾಗಬೇಡಿ.

ಆ ತಿಂಗಳ ಕೊನೆಯ ದಿನ ಮಿಸಿಸಿಪ್ಪಿಯಲ್ಲಿ ನುಡಿಸಿದ್ದೇ ಕೊನೆಯ ಕಚೇರಿ. ಸೆಪ್ಟೆಂಬರ್‌ನಲ್ಲಿ ಮೆಗ್‌ಗೆ ವಿಪರೀತ ಆತಂಕದ ತೊಂದರೆ ಅಂತ ಉಳಿದ ಕಾರ್ಯಕ್ರಮಗಳನ್ನು ರದ್ದು ಮಾಡಿದರು. ಆಮೇಲೆ ಒಂದೇ ಸಲ, 2009ರ ಫೆಬ್ರವರಿಯಲ್ಲಿ ಟೀವಿಯಲ್ಲಿ ಇಬ್ಬರೂ ಕಾಣಿಸಿಕೊಂಡರು. ಆ ದಿನ ಡ್ರಮ್ ಇರಲಿಲ್ಲ. ಮೆಗ್ ಕೈಯಲ್ಲೂ ಗಿಟಾರು. ಮೆಲ್ಲಗೆ ತಂತಿ ಮೀಟುತ್ತಾ ಜ್ಯಾಕ್ ಜೊತೆ ದನಿಗೂಡಿಸಿದಳು. 2011ರ ಫೆಬ್ರವರಿ 2ರಂದು ತಂಡ ಮುಗಿಯಿತು ಅಂತ ಪ್ರಕಟಣೆ ಬಂತು. ಮೆಗ್ ಸಾರ್ವಜನಿಕ ಬದುಕಿನಿಂದ ದೂರ ಸರಿದಳು, ಮರಳಿ ಬಂದಿಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಒಂದು ವಿಷಯ ಉಳಿದಿದೆ. 2004ರಲ್ಲಿ, ತಂಡಕ್ಕೆ ಒಳ್ಳೆಯ ಹೆಸರಿದ್ದಾಗ, ಜ್ಯಾಕ್ ತನ್ನ ಗುರು ಮುಲ್ಡೂನ್ ಜೊತೆ ಸೇರಿ ಒಂದು ಗ್ರಾಮಫೋನ್ ರೆಕಾರ್ಡು ಮಾಡಿದ. ನೂರೇ ಪ್ರತಿ. ಒಂದನ್ನೂ ಮಾರಲಿಲ್ಲ. ಮುಲ್ಡೂನ್ ಅಂಗಡಿಗೆ ರಿಪೇರಿಗೆ ಬಂದ ಸೋಫಾ, ಕುರ್ಚಿಗಳ ಒಳಗೆ ಒಂದೊಂದು ಇಟ್ಟು ಪಿನ್ ಹೊಡೆದುಬಿಟ್ಟರು. ಎಕ್ಸ್‌ರೇ ಹಿಡಿದರೂ ಕಾಣಬಾರದು ಅಂತ ಆ ರೆಕಾರ್ಡುಗಳನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದ್ದರು. ಹತ್ತು ವರ್ಷ ಕಳೆದ ಮೇಲೆ ಎರಡು ಸಿಕ್ಕವು ಅಂತ ಸುದ್ದಿ ಬಂತು. ಮಿಕ್ಕವುಗಳ ಮೇಲೆ ಡೆಟ್ರಾಯಿಟ್‌ನಲ್ಲಿ ಯಾರೋ ಕೂತು ಟೀವಿ ನೋಡುತ್ತಿರಬೇಕು.

ನಮಸ್ಕಾರ.