ಗುಲಾಬಿ ಕಾಡಿನ ಮೊಲ

ಕೇಳುಗರಿಗೆಲ್ಲ ನಮಸ್ಕಾರ.

ದೋಸೆ ಹಿಟ್ಟು ಜಾಸ್ತಿ ಹುಳಿ ಬಂದರೆ, ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತದೆ, ಅಲ್ವಾ? ಕುಂದಾಪುರದ ಕಡೆಯಿಂದ ಮುಂಬೈಗೆ ಬಂದ ನಾನು ಮೊದಲು ಸೇರಿದ್ದು ಮಾಟುಂಗದ ಒಂದು ಹೋಟೆಲಿಗೆ, ಹಿಟ್ಟು ರುಬ್ಬುವ ಕೆಲಸಕ್ಕೆ. ರಾತ್ರಿ ಶಾಲೆಯಲ್ಲಿ ಓದಿ ಆಮೇಲೆ ಫಿಲ್ಮ್ ಲ್ಯಾಬ್ ಸೇರಿದೆ. ಅಲ್ಲಿಯೂ ಹುಳಿ ವಾಸನೆ ಬೆನ್ನು ಬಿಡಲಿಲ್ಲ. ಹಳೇ ಅಸಿಟೇಟ್ ಫಿಲ್ಮ್ ಕೆಡುವಾಗ ಅದರಿಂದ ಅಸಿಟಿಕ್ ಆಸಿಡ್ ಹೊರಡುತ್ತದೆ. ಹೋಟೆಲಿನಲ್ಲಿ ಈರುಳ್ಳಿ ನೆನೆಸುವ ವಿನೆಗರ್ ಇದೆಯಲ್ಲ, ಅದರದೇ ವಾಸನೆ. ಅದಕ್ಕೇ ಈ ಕಾಯಿಲೆಗೆ ವಿನೆಗರ್ ಸಿಂಡ್ರೋಮ್ ಅಂತಲೇ ಹೆಸರು. ಒಂದು ಡಬ್ಬಕ್ಕೆ ಹಿಡಿದರೆ ಪಕ್ಕದ ಡಬ್ಬವನ್ನೂ ಬಿಡುವುದಿಲ್ಲ.

ನಿವೃತ್ತಿಯಾದ ಮೇಲೆ ಒಂದು ಶುಕ್ರವಾರ ಚೋರ್ ಬಜಾರಿನಲ್ಲಿ ಸುಮ್ನೆ ತಿರುಗಾಡುತ್ತಿದ್ದೆ. ಹಳೇ ಮಿಕ್ಸಿ, ಮುರಿದ ಕ್ಯಾಮೆರಾಗಳ ನಡುವೆ ತುಕ್ಕು ಹಿಡಿದ ಒಂದು ಡಬ್ಬ ಕಂಡಿತು. ಮುಚ್ಚಳ ಚೂರು ಎತ್ತಿದೆ. ಹುಳಿ ವಾಸನೆ ಇತ್ತು, ಆದರೆ ಕಣ್ಣು ಉರಿಯುವಷ್ಟಲ್ಲ. ಇನ್ನೂ ಜೀವ ಇದೆ ಅನ್ನಿಸಿತು. ಅಂಗಡಿಯವನು ಸಾವಿರ ಹೇಳಿದ, ಚೌಕಾಸಿ ಮಾಡಿ ಮುನ್ನೂರಕ್ಕೆ ತಂದೆ. ಹೆಂಡತಿ ಹೇಳಿದ್ದು ಒಂದೇ ಮಾತು: "ಇದನ್ನ ಅಡುಗೆಮನೆಗೆ ಮಾತ್ರ ತರಬೇಡಿ."

16 ಎಂಎಂ ರೀಲು. ಕಾರ್ಟೂನು. ಹೆಸರಿದ್ದ ಭಾಗ ಯಾವಾಗಲೋ ಹರಿದುಹೋಗಿದೆ. ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಟೋಪಿ ಹಾಕಿದ ಒಂದು ಮೊಲ ಕಾಡಿನಲ್ಲಿ ನಡೆದು ಹೋಗುತ್ತಿದೆ. ಕಾಡು ಪೂರ್ತಿ ಗುಲಾಬಿ. ಎಲೆ ಗುಲಾಬಿ, ಆಕಾಶ ಗುಲಾಬಿ, ಮೊಲವೂ ಶರಬತ್ತಿನಲ್ಲಿ ಅದ್ದಿ ತೆಗೆದ ಹಾಗೆ ಗುಲಾಬಿ.

ಕಾಡು ಹೀಗಾಗಿದ್ದಕ್ಕೆ ಕಾರಣ ಇದೆ. 1950ರಲ್ಲಿ ಕೊಡಕ್ ಕಂಪನಿಯ ಬಣ್ಣದ ಫಿಲ್ಮ್ ಈಸ್ಟ್‌ಮನ್‌ಕಲರ್ ಬಂತು. ಒಂದೇ ಫಿಲ್ಮಿನಲ್ಲಿ ಹಳದಿ, ಮೆಜೆಂಟಾ, ಸಯಾನ್ ಅಂತ ಮೂರು ಪದರ. ಅಗ್ಗ, ಸುಲಭ. ಆದರೆ ಆ ಕಾಲದ ಪ್ರಿಂಟುಗಳಲ್ಲಿ ಸಯಾನ್, ಅಂದರೆ ನೀಲಿ-ಹಸಿರು, ಬೇಗ ಮಾಸುತ್ತದೆ. ಕೊನೆಗೆ ಗಟ್ಟಿಯಾಗಿ ಉಳಿಯುವುದು ಮೆಜೆಂಟಾ. ಅದಕ್ಕಿಂತ ಹಳೇ ಟೆಕ್ನಿಕಲರ್ ಪ್ರಿಂಟಿನ ದಾರಿಯೇ ಬೇರೆ. ಸೀರೆಗೆ ಅಚ್ಚು ಒತ್ತುವ ಹಾಗೆ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಒತ್ತುತ್ತಿದ್ದರು. ಆ ಬಣ್ಣ ಇವತ್ತಿಗೂ ಅಷ್ಟಾಗಿ ಮಾಸಿಲ್ಲ. ಒಂದೇ ಕಾರ್ಟೂನು, ಒಂದು ಪ್ರಿಂಟಿನಲ್ಲಿ ಕಾಡು ಹಸಿರು, ಇನ್ನೊಂದರಲ್ಲಿ ಗುಲಾಬಿ. ನಮ್ಮ ಕೈಗೆ ಯಾವುದು ಸಿಗುತ್ತದೋ ಅದು ನಮ್ಮ ಹಣೆಬರಹ.

ಬಣ್ಣದ ವಿಷಯದಲ್ಲಿ ಕಾರ್ಟೂನಿಗೆ ಒಂದು ಪುಣ್ಯ ಇತ್ತು. ಮೂರು ಬಣ್ಣದ ಟೆಕ್ನಿಕಲರಿನಲ್ಲಿ ಮನುಷ್ಯರನ್ನು ಚಿತ್ರೀಕರಿಸಲು ದೊಡ್ಡ ಕ್ಯಾಮೆರಾ ಬೇಕು, ಅದರೊಳಗೆ ಮೂರು ಫಿಲ್ಮ್ ಒಟ್ಟಿಗೆ ಓಡಬೇಕು. ಚಿತ್ರ ಬರೆದ ಹಾಳೆ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ? ಹಾಗಾಗಿ ಒಂದೇ ಚಿತ್ರವನ್ನು ಕೆಂಪು, ಹಸಿರು, ನೀಲಿ ಫಿಲ್ಟರ್ ಬದಲಿಸುತ್ತಾ ಮೂರು ಸಲ ತೆಗೆದರೆ ಸಾಕು. ಒಂದೇ ಕಪ್ಪು-ಬಿಳುಪು ನೆಗೆಟಿವಿನ ಮೇಲೆ ಒಂದರ ಹಿಂದೆ ಒಂದು ಮೂರು ಫ್ರೇಮು. ಅಂಥ ನೆಗೆಟಿವಿನಲ್ಲಿ ಕೆಂಪು ಟೋಪಿ ಕೆಂಪು ಫಿಲ್ಟರಿನ ಫ್ರೇಮಿನಲ್ಲಿ ಕಡುಕಪ್ಪು, ಉಳಿದೆರಡರಲ್ಲಿ ತಿಳಿ. ಬಣ್ಣವೇ ಇಲ್ಲದ ನೆಗೆಟಿವಿನಲ್ಲಿ ಪೂರ್ತಿ ಬಣ್ಣ ಅಡಗಿದೆ. ಅದು ಬೆಳ್ಳಿಯ ಕಣಗಳಿಂದ ಮೂಡಿದ ಚಿತ್ರ, ಬಣ್ಣದ ಡೈ ಮಾಸುವ ಹಾಗೆ ಮಾಸುವುದಿಲ್ಲ. ಏಳು ನಿಮಿಷದ ಕಾರ್ಟೂನು ಅಂದರೆ 10,080 ಫ್ರೇಮು, ನೆಗೆಟಿವಿನಲ್ಲಿ ಅದರ ಮೂರು ಪಟ್ಟು. ಈಗ ಅದನ್ನು ಸ್ಕ್ಯಾನ್ ಮಾಡಿ ಮೂರು ಮೂರನ್ನು ಒಂದರ ಮೇಲೊಂದು ಕೂರಿಸಬೇಕು. ಫಿಲ್ಮ್ ಕುಗ್ಗಿದ್ದರೆ ಕೂರುವುದಿಲ್ಲ. ಟೋಪಿ ಸುತ್ತ ಕೆಂಪು ಅಂಚು, ಹಸಿರು ಅಂಚು ಕಾಣಿಸುತ್ತದೆ. ಕೂದಲೆಳೆಯಷ್ಟು ಸರಿಸುತ್ತಾ ಕೂರಬೇಕು.

ಇನ್ನೊಂದು ತೊಡಕು. 1932ರಲ್ಲಿ ಡಿಸ್ನಿಯವರು ಮೂರು ಬಣ್ಣದ ಟೆಕ್ನಿಕಲರಿನಲ್ಲಿ 'ಫ್ಲವರ್ಸ್ ಅಂಡ್ ಟ್ರೀಸ್' ಮಾಡಿದರು. ಆಮೇಲೆ ಕೆಲವು ವರ್ಷ ಕಾರ್ಟೂನಿನ ಮಟ್ಟಿಗೆ ಆ ವಿಧಾನ ಅವರಿಗೇ ಮೀಸಲು. ಹಾಗಾಗಿ ಬೇರೆ ಸ್ಟುಡಿಯೋಗಳಿಗೆ ಎರಡು ಬಣ್ಣವೇ ಗತಿ: ಕಿತ್ತಳೆ ಕಡೆಗೆ ವಾಲಿದ ಕೆಂಪು, ಹಸಿರು ಕಡೆಗೆ ವಾಲಿದ ನೀಲಿ. ಅದರಲ್ಲಿ ಅಚ್ಚ ಹಳದಿ ಬರುವುದಿಲ್ಲ, ನೇರಳೆಯೂ ಇಲ್ಲ. ಇದ್ದ ಎರಡು ಬಣ್ಣದಲ್ಲೇ ಕಲಾವಿದರು ಎಂಥ ಚಂದ ಮಾಡಿದ್ದಾರೆ! ನನಗಂತೂ ಮೂರು ಬಣ್ಣದವಕ್ಕಿಂತ ಇವೇ ಇಷ್ಟ. ನನ್ನ ರೀಲು ಸ್ಕ್ಯಾನ್ ಮಾಡಿಕೊಟ್ಟ ಹುಡುಗ ಒಂದು ಗುಂಡಿ ಒತ್ತಿದ, ಸೂರ್ಯ ಅರಿಶಿನ ಬಳಿದುಕೊಂಡು ಬಂದ. "ಅಂಕಲ್, ಈಗ ಸರಿಯಾಯ್ತು ನೋಡಿ" ಅಂದ. ಸರಿಯಾಗಿತ್ತೋ ಇಲ್ಲವೋ ಹೇಳುವುದು ಹೇಗೆ? ಫಿಲ್ಮಿನ ಅಂಚಿನಲ್ಲಿ ಕೊಡಕ್‌ನವರ ಸಣ್ಣ ಗುರುತು ಇರುತ್ತದೆ: ವೃತ್ತ, ಚೌಕ, ತ್ರಿಕೋನ. ಅದು ಆ ಫಿಲ್ಮ್ ತಯಾರಾದ ವರ್ಷ ಹೇಳುತ್ತದೆಯೇ ಹೊರತು ಕಾರ್ಟೂನಿನ ವಯಸ್ಸು ಹೇಳುವುದಿಲ್ಲ. ಮೂಲ ಎರಡು ಬಣ್ಣದ್ದಾಗಿದ್ದರೆ ಆ ಅರಿಶಿನ ಶುದ್ಧ ಸುಳ್ಳು. ಇನ್ನೊಂದು ಪ್ರಿಂಟ್ ಸಿಗುವ ತನಕ ಸೂರ್ಯನನ್ನು ಹಾಗೇ ಬಿಡು ಅಂದೆ.

ನಮ್ಮ ಕಡೆಯ ಕತೆ ಬೇರೆ ರೀತಿಯದು. 1933ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯವರು 'ಸೈರಂಧ್ರಿ' ಸಿನಿಮಾವನ್ನು ಬಣ್ಣದಲ್ಲಿ ತರಲು ಜರ್ಮನಿಯಲ್ಲಿ ಪ್ರಿಂಟ್ ಹಾಕಿಸಿದರು. ಬಣ್ಣ ಎಣಿಸಿದ ಹಾಗೆ ಬರಲಿಲ್ಲ. ಐವತ್ತರ ದಶಕದಲ್ಲಿ ಮುಂಬೈಯ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಷನ್ ಕಾರ್ಟೂನು ವಿಭಾಗ ತೆರೆದಾಗ ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ಇಲ್ಲಿಯವರಿಗೆ ಕಲಿಸಿದರು. ಜಾತಕ ಕತೆಯ 'ದ ಬ್ಯಾನ್ಯನ್ ಡಿಯರ್' ಆಗ ಬಂದದ್ದು, 1957ರಲ್ಲಿ. ಮೊದಲಿನವು ಎಷ್ಟೋ ಹೋದವು. ಹಳೇ ರೀಲುಗಳನ್ನು ತೊಳೆದು ಬೆಳ್ಳಿ ತೆಗೆದು ಮಾರುತ್ತಿದ್ದರು. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ನೈಟ್ರೇಟ್ ರೀಲುಗಳ, ಅಂದರೆ ಅಸಿಟೇಟಿಗಿಂತ ಹಳೇ, ಬೇಗ ಹೊತ್ತಿಕೊಳ್ಳುವ ಫಿಲ್ಮಿನ, ಉಗ್ರಾಣಕ್ಕೆ ಬೆಂಕಿ ಬಿತ್ತು. ನೈಟ್ರೇಟ್ ಉರಿಯುವಾಗ ತನಗೆ ಬೇಕಾದ ಆಮ್ಲಜನಕ ತಾನೇ ಕೊಟ್ಟುಕೊಳ್ಳುತ್ತದೆ. ನೀರಿನೊಳಗೆ ಮುಳುಗಿಸಿದರೂ ಆರುವುದಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೋ, ಅಜ್ಜನ ಟ್ರಂಕಿನಲ್ಲೋ ಡಬ್ಬ ಸಿಕ್ಕಿದರೆ ದಯವಿಟ್ಟು ಪ್ರೊಜೆಕ್ಟರಿಗೆ ಹಾಕಬೇಡಿ. ಕುಗ್ಗಿದ ಫಿಲ್ಮಿನ ತೂತು ಹಲ್ಲಿಗೆ ಕೂರುವುದಿಲ್ಲ, ಚರ್ರಂತ ಹರಿಯುತ್ತದೆ. ನೀರಿನಲ್ಲಿ ಒರೆಸುವುದೂ ಬೇಡ. ವಾಸನೆ ಬರುವ ಡಬ್ಬವನ್ನು ಬೇರೆ ಇಡಿ, ಗಾಳಿ ಆಡಲಿ. ಮುಂಬೈ ಮಳೆಗಾಲದಲ್ಲಿ ಉಪ್ಪಿನಕಾಯಿಗೇ ಬೂಸ್ಟು ಬರುತ್ತದೆ, ಫಿಲ್ಮ್ ಯಾವ ಲೆಕ್ಕ! ಆರ್ಕೈವ್‌ಗಳಲ್ಲಿ ಕಲರ್ ನೆಗೆಟಿವನ್ನು 2ರಿಂದ 4 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ಪುಣೆಯ ಲಾ ಕಾಲೇಜು ರಸ್ತೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಡಬ್ಬ ಗುಜರಿಗೆ ಹಾಕುವ ಮೊದಲು ಅವರನ್ನೊಮ್ಮೆ ಕೇಳಿ.

ಮತ್ತೆ ನನ್ನ ಮೊಲಕ್ಕೆ ಬರುತ್ತೇನೆ. ಕೊಳೆ ತೆಗೆಯುವ ಸಾಫ್ಟ್‌ವೇರ್ ಇದೆಯಲ್ಲ, ಅದು ಹಿಂದಿನ ಫ್ರೇಮನ್ನೂ ಮುಂದಿನ ಫ್ರೇಮನ್ನೂ ಹೋಲಿಸುತ್ತದೆ. ನಡುವಿನ ಒಂದರಲ್ಲಿ ಮಾತ್ರ ಇರುವುದೆಲ್ಲ ಅದರ ಕಣ್ಣಿಗೆ ಧೂಳು. ಕಾರ್ಟೂನಿನಲ್ಲಿ ಮೊಲ ತಟ್ಟನೆ ತಲೆ ತಿರುಗಿಸಿದರೆ ಮೀಸೆಯ ಗೆರೆ ಒಂದೇ ಫ್ರೇಮಿನಲ್ಲಿ ಆ ಜಾಗದಲ್ಲಿ ಇರುತ್ತದೆ. ಮೊದಲ ಸಲ ನಾವು ಹುರುಪಿನಲ್ಲಿ ಎಲ್ಲ ಮೆಷೀನಿಗೆ ಬಿಟ್ಟು ಟೀ ಕುಡಿಯಲು ಹೋದೆವು. ಬಂದು ನೋಡಿದರೆ ಮೊಲದ ಮೀಸೆ ಬೋಳಿಸಿ ಇಟ್ಟಿತ್ತು! ತಪ್ಪು ಮೆಷೀನಿನದಲ್ಲ, ನನ್ನದೇ.

ಅಲ್ಲಿಂದ ಕೈಯಲ್ಲೇ ಶುರು ಮಾಡಿದೆವು, ಒಂದೊಂದೇ ಫ್ರೇಮು. ಯಾವ ಕೊಳೆ ಯಾರದು ಅಂತ ನೋಡುವುದೇ ಕೆಲಸ. ನೆಗೆಟಿವಿನ ಮೇಲೆ ಕೂತಿದ್ದ ಧೂಳು ಪ್ರಿಂಟಿನಲ್ಲಿ ಬೆಳ್ಳಗೆ ಕಾಣುತ್ತದೆ. ಪ್ರಿಂಟಿನ ಮೇಲೆ ಆಮೇಲೆ ಬಿದ್ದದ್ದು ಕಪ್ಪಗೆ. ಅವೆರಡನ್ನೂ ಅಳಿಸಿದೆವು. ಆದರೆ ಮೊಲದ ಬಲಗಿವಿಯ ಮೇಲೆ ಒಂದು ಚುಕ್ಕೆ ಮಾತ್ರ ಈ ಎರಡಕ್ಕೂ ಸೇರುತ್ತಿರಲಿಲ್ಲ. ಬರುತ್ತಿತ್ತು, ಹೋಗುತ್ತಿತ್ತು. ಎಣಿಸಿದೆ. ಸರಿಯಾಗಿ ಹದಿನಾರು ಫ್ರೇಮಿಗೊಮ್ಮೆ. ನಡೆಯುವ ಮೊಲಕ್ಕೆ ಎಂಟು ಚಿತ್ರ ಬರೆದು, ಒಂದೊಂದನ್ನೂ ಎರಡೆರಡು ಫ್ರೇಮು ತೆಗೆದು, ಮತ್ತೆ ಮೊದಲಿನಿಂದ ಅದೇ ಎಂಟನ್ನು ಇಟ್ಟಿದ್ದಾರೆ. ಆ ಎಂಟರಲ್ಲಿ ಒಂದು ಸೆಲ್ಲಿನ ಮೇಲೆ, ಅಂದರೆ ಚಿತ್ರ ಬರೆದ ಪಾರದರ್ಶಕ ಹಾಳೆಯ ಮೇಲೆ, ಕ್ಯಾಮೆರಾ ಕೆಳಗೆ ಇಡುವ ಮೊದಲೇ, ಬಣ್ಣದ ಒಂದು ಸಣ್ಣ ಹನಿ ಬಿದ್ದಿದೆ.

"ಅಳಿಸಲಾ ಅಂಕಲ್?" ಅಂತ ಹುಡುಗ ಮೌಸ್ ಮೇಲೆ ಕೈ ಇಟ್ಟುಕೊಂಡು ಕೇಳಿದ.

ಬೇಡ ಅಂದೆ. ಈಗಲೂ ಇದೆ, ಬಲಗಿವಿ, ಹದಿನಾರಕ್ಕೊಮ್ಮೆ.

ನಮಸ್ಕಾರ.